ಎಡಹುರಿ ಹಗ್ಗ

ಪ್ಯೊ ಬೊರಾಮ್‌ಗೆ ತನ್ನ ಮೇಲಿದ್ದ ನಂಬಿಕೆಯನ್ನು ಊರಿಗೆಲ್ಲ ಹಂಚಿದರೂ ಅವಳ ಪಾಲಿಗೆ ಇನ್ನಷ್ಟು ಉಳಿಯುತ್ತಿತ್ತು. ಇಪ್ಪತ್ತೆರಡರ ಹುಡುಗಿ. ಗ್ವಾಂಗ್‌ಜು ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ಸಂಪನ್ಮೂಲ ಸಂರಕ್ಷಣೆ ಓದುತ್ತಿದ್ದಳು, ಕೊನೆಯ ವರ್ಷ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗದವರೆಲ್ಲ ಅಲ್ಲಿಗೆ ಬಂದು ಸೇರುತ್ತಾರೆಂದು ಜನ ಆಡಿಕೊಳ್ಳುವುದುಂಟು. ಬೊರಾಮ್ ಕೂಡ ಹಾಗೆ ಬಂದವಳೇ. ಆದರೆ ಬಂದ ಎರಡನೆಯ ವಾರಕ್ಕೇ, ನಷ್ಟವಾದದ್ದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಎಂದು ತೀರ್ಮಾನಿಸಿ ಹಾಯಾಗಿದ್ದಳು.

ಅವಳ ಅಪ್ಪನದು ಪೇಟೆಯಲ್ಲೊಂದು ನೂಡಲ್ ಅಂಗಡಿ. ಹಿಟ್ಟು ಲಟ್ಟಿಸುತ್ತಲೇ ಮಗಳನ್ನು ಕೆಣಕುವುದು ಅವನ ಬೆಳಗಿನ ಅಭ್ಯಾಸ.

"ಕೆಸರು ತುಳಿಯೋಕೂ ಕಾಲೇಜು ಬೇಕೇನೇ? ನಿಮ್ಮಜ್ಜಿ ಫೀಸು ಕಟ್ಟದೇನೇ ತುಳಿದ್ಲು."

"ಅಜ್ಜಿ ತುಳಿದ್ಲು, ನಾನು ಎಣಿಸ್ತೀನಿ. ಬರೋ ಫೆಬ್ರವರಿಗೆ ಪದವಿಯ ಕಪ್ಪು ಟೋಪಿ ಹಾಕ್ಕೊಂಡು ನಿಮ್ಮಂಗಡಿ ಮುಂದೇನೇ ಫೋಟೋ ತೆಗೆಸ್ಕೋತೀನಿ, ನೋಡ್ತಿರಿ ಅಪ್ಪಾ."

ಆ ಫೋಟೋದ ಜಾಗವನ್ನು ಅಪ್ಪ ಆಗಲೇ ಗೋಡೆಯ ಮೇಲೆ ಖಾಲಿ ಮಾಡಿಟ್ಟಿದ್ದ. ಬಾಯಲ್ಲಿ ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ.

ಪದವಿ ಸಿಗಬೇಕಾದರೆ ಪ್ರಬಂಧ ಆಗಬೇಕು. ಬೊರಾಮಳ ಪ್ರಬಂಧ ಇದ್ದದ್ದು ದಕ್ಷಿಣದ ಕಡಲಂಚಿನ ಸೋನ್‌ಗೊಲ್ ಎಂಬ ಊರಿನ ಕೆಸರಿನಲ್ಲಿ. ಕಡಲು ಹಿಂದೆ ಸರಿದಾಗ ಅಲ್ಲಿ ಕಣ್ಣು ಹಾಯುವಷ್ಟು ದೂರ ಬೂದುಬಣ್ಣದ ಕೆಸರುಬಯಲು ಬಿಚ್ಚಿಕೊಳ್ಳುತ್ತದೆ. ಊರಿನ ಹೆಂಗಸರು ಉದ್ದನೆಯ ಹಲಗೆಯ ಮೇಲೆ ಒಂದು ಮಂಡಿ ಊರಿ, ಇನ್ನೊಂದು ಕಾಲಿನಿಂದ ಕೆಸರನ್ನು ಹಿಂದಕ್ಕೆ ಒದೆಯುತ್ತ ಜಾರಿಕೊಂಡು ಹೋಗಿ ಬಳಚು ಎಂಬ ಚಿಪ್ಪುಮೀನನ್ನು ಬಾಚಿ ತರುತ್ತಾರೆ. ನವೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ಇದೇ ಕೆಲಸ. ಹಲಗೆ ಇಲ್ಲದೆ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ನೆಲ ಅದು. ಮೊದಲ ದಿನ ಬೊರಾಮ್ ನಾಲ್ಕು ಸಲ ಬಿದ್ದಳು. ಆರನೆಯ ತಿಂಗಳಿಗೆ, ಹೇಗೆ ಒದೆಯಬೇಕೆಂದು ಊರಿನ ಹೆಂಗಸರಿಗೇ ಹೇಳಿಕೊಡಲು ಹೋಗಿ ಉಗಿಸಿಕೊಂಡಿದ್ದಳು.

ಅಲ್ಲಿ ಎರಡು ಬಯಲುಗಳಿದ್ದವು. ಹೊರಬಯಲಿನಲ್ಲಿ ಪ್ರತಿ ಚಳಿಗಾಲವೂ ಬಳಚು ಬಾಚುತ್ತಾರೆ. ಒಳಬಯಲಿಗೆ ಮೂರು ವರ್ಷದ ಹಿಂದೆ ಊರಿನ ಮೀನುಗಾರರ ಸಂಘ ರಜೆ ಕೊಟ್ಟಿತ್ತು. ಮರಿಗಳು ಬೆಳೆಯಲಿ, ಯಾರೂ ಕೈ ಹಾಕಬಾರದು ಎಂದು. ಆ ಮೂರು ವರ್ಷ ಈ ಏಪ್ರಿಲಿಗೆ ಮುಗಿಯುತ್ತಿತ್ತು. ಒಳಬಯಲನ್ನೂ ತೆರೆಯಬೇಕೋ, ಇನ್ನೂ ಮುಚ್ಚಿಡಬೇಕೋ ಎಂದು ಊರು ಕೈಯೆತ್ತಿ ತೀರ್ಮಾನಿಸಬೇಕಿತ್ತು. ಬೊರಾಮ್ ಕೇಳಿಕೊಂಡ ಪ್ರಶ್ನೆಯೂ ಅದೇ: ಬಾಚುವ ಬಯಲಿಗೂ ಬಾಚದ ಬಯಲಿಗೂ ಮರಿಬಳಚಿನ ಲೆಕ್ಕದಲ್ಲಿ ವ್ಯತ್ಯಾಸ ಎಷ್ಟು? ಎರಡೂ ಕಡೆ ಹತ್ತುಹತ್ತು ಚೌಕ ಗುರುತು ಹಾಕಿ, ಚಳಿಗಾಲವಿಡೀ ಹದಿನೈದು ದಿನಕ್ಕೊಮ್ಮೆ ಬಂದು ಎಣಿಸಿದಳು. ವಾರವಿಡೀ ತರಗತಿ ಇದ್ದುದರಿಂದ ಅವಳು ಬರುತ್ತಿದ್ದುದು ಶನಿವಾರ, ಭಾನುವಾರ. ಆ ದಿನಗಳಲ್ಲಿ ಹೆಂಗಸರಿಗೆ ಬಿಡುವು. ಅವರು ಬಾಚಿಹೋದ ಗುರುತನ್ನೆಲ್ಲ ಅಷ್ಟರಲ್ಲಿ ಕಡಲು ಒರೆಸಿಹಾಕಿರುತ್ತಿತ್ತು.

ಚೌಕಗಳಿಗೆ ಹಗ್ಗ ಕಟ್ಟುವಲ್ಲಿ ಅವಳೊಂದು ಹಟ ಹಿಡಿದಿದ್ದಳು. ವಿಭಾಗದ ಉಗ್ರಾಣದಲ್ಲಿ ನೈಲಾನ್ ಹಗ್ಗದ ಸುರುಳಿಗಳೇ ಬಿದ್ದಿದ್ದವು. "ಸಂರಕ್ಷಣೆ ಓದೋಳು ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕ್ಲಾ?" ಎಂದು ಅದನ್ನು ಮುಟ್ಟಲಿಲ್ಲ. ಭತ್ತದ ಹುಲ್ಲು ತಂದು, ಫೋನಿನಲ್ಲಿ ವಿಡಿಯೊ ನೋಡಿಕೊಂಡು, ಹಾಸ್ಟೆಲ್ ಕೋಣೆ ತುಂಬ ಕಸ ಮಾಡಿ, ಅಂಗೈ ಬೊಬ್ಬೆ ಬರುವ ತನಕ ತಾನೇ ಹಗ್ಗ ಹೊಸೆದಳು. ದೂರದಿಂದ ಕಾಣಲೆಂದು ನಡುನಡುವೆ ಕೆಂಪು ಬಟ್ಟೆಯ ಚೂರು ಸಿಕ್ಕಿಸಿದಳು. ಅಕ್ಟೋಬರಿನಲ್ಲಿ ಬಿದಿರುಕಡ್ಡಿ ನೆಟ್ಟು ಆ ಹಗ್ಗ ಸುತ್ತಿದ ದಿನ, ದಡದಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದ್ದರು. ಒಬ್ಬಾಕೆ ಕೈ ಕೂಡ ಮುಗಿದಳು. ವಿಜ್ಞಾನಕ್ಕೆ ಹಳ್ಳಿಯಲ್ಲಿ ಇಷ್ಟು ಮರ್ಯಾದೆ ಇದೆಯಲ್ಲ ಎಂದು ಬೊರಾಮ್ ಉಬ್ಬಿಹೋದಳು. ಅಂದಿನಿಂದ ಊರಿನವರು ಅವಳನ್ನು ಕಾಲೇಜಮ್ಮ ಎನ್ನತೊಡಗಿದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಪ್ರೀತಿ.

ಮರುದಿನವೇ ಊರ ಸಭೆ ಇದ್ದುದರಿಂದ, ಏಪ್ರಿಲಿನ ಆ ಶುಕ್ರವಾರ ಮಾತ್ರ ತರಗತಿ ತಪ್ಪಿಸಿ ಬಂದು ಕೊನೆಯ ಎಣಿಕೆ ಮುಗಿಸಿದಳು. ಒಳಬಯಲಿನ ಚೌಕಕ್ಕೆ ಸರಾಸರಿ ನಲವತ್ತೈದು ಮರಿ. ಹೊರಬಯಲಿನ ಚೌಕಕ್ಕೆ ನಲವತ್ತಮೂರು. ಅಂದರೆ ವ್ಯತ್ಯಾಸವೇ ಇಲ್ಲ! ಹಲಗೆಯ ಮೇಲೆ ಹೋಗಿ ಕೈಯಲ್ಲಿ ಬಾಚಿದರೆ ಕೆಸರಿಗೆ ಏನೂ ನಷ್ಟವಿಲ್ಲ. ಬೀಗ ಹಾಕುವುದೇ ಸಂರಕ್ಷಣೆ ಎಂದು ಬರೆದ ದೊಡ್ಡದೊಡ್ಡವರಿಗೆಲ್ಲ ಸೋನ್‌ಗೊಲ್‌ನ ಕೆಸರು ಉತ್ತರ ಕೊಟ್ಟಿದೆ. ಬೊರಾಮ್ ದಡಕ್ಕೆ ಬಂದು ಮುಖದ ಮೇಲಿನ ಕೆಸರು ಒರೆಸಿಕೊಳ್ಳುವುದಕ್ಕೂ ಮೊದಲೇ ಸಂಘದ ಅಧ್ಯಕ್ಷ ಪಾಂಗ್‌ಗೆ ಅಂಕಿಗಳನ್ನು ಹೇಳಿಬಿಟ್ಟಳು.

ಪಾಂಗ್ ಕೆಟ್ಟ ಮನುಷ್ಯನಲ್ಲ. ಪಟ್ಟಣದಿಂದ ಊರಿಗೆ ವಾಪಸಾದ ಐದು ಕುಟುಂಬಗಳಿಗೆ ಕೆಲಸ ಸಿಗಬೇಕಾದರೆ ಒಳಬಯಲು ತೆರೆಯಬೇಕು ಎಂಬುದು ಅವನ ವಾದ.

"ನಾಳೆ ಐದು ಗಂಟೆಗೆ ಸಭೆ. ನೀನೇ ನಿಂತು ಹೇಳ್ಬೇಕು, ಕಾಲೇಜಮ್ಮ. ನಾನು ಹೇಳಿದ್ರೆ ರಾಜಕೀಯ ಅಂತಾರೆ, ನೀನು ಹೇಳಿದ್ರೆ ವಿಜ್ಞಾನ."

"ಹೇಳೋಣ ಬಿಡಿ. ಮೈಕು ಸರಿ ಇದೆಯಾ ನೋಡ್ಕೊಳ್ಳಿ ಅಷ್ಟೆ" ಎಂದಳು ಬೊರಾಮ್.

ಆ ರಾತ್ರಿ ಅವಳು ಸೊಗಸಾಗಿ ನಿದ್ದೆ ಮಾಡಿದಳು.

ಅವಳು ಊರಲ್ಲಿ ಉಳಿದುಕೊಳ್ಳುತ್ತಿದ್ದದ್ದು ಗಂಗ್‌ಜಿನ್ ಅಜ್ಜಿಯ ಮನೆಯಲ್ಲಿ. ಗಂಗ್‌ಜಿನ್ ಅಜ್ಜಿಯ ತವರೂರು. ಮದುವೆಯಾಗಿ ಬಂದ ಹೆಂಗಸನ್ನು ತವರಿನ ಹೆಸರಿನಿಂದಲೇ ಕರೆಯುವುದು ಅಲ್ಲಿನ ರೂಢಿ. ಮಾ ಜಮ್‌ರ್ಯೆ ಎಂಬ ಅವಳ ಸ್ವಂತ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ವಯಸ್ಸು ಎಪ್ಪತ್ತೆಂಟು. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಬೇಯಿಸಿದ ಬಳಚಿನ ರಾಶಿಯ ಮುಂದೆ ಕೂತು, ಚಮಚದ ತುದಿಯಿಂದ ಚಿಪ್ಪು ತೆರೆಯುತ್ತಿದ್ದಳು. ಪಕ್ಕದಲ್ಲಿ ಹೇನಮ್ ಅಕ್ಕ. ಅವಳಿಗೂ ಅರವತ್ತು ದಾಟಿತ್ತು, ಆದರೆ ಗುಂಪಿನಲ್ಲಿ ಅವಳೇ ಚಿಕ್ಕವಳು.

"ಬಾರವ್ವ ಕಾಲೇಜಮ್ಮ, ತಿನ್ನು. ಭಾಷಣ ಮಾಡೋಳು ಹಸ್ಕೊಂಡಿರಬಾರ್ದು" ಎಂದಳು ಅಜ್ಜಿ.

"ಇವತ್ತು ಹಗ್ಗ ಬಿಚ್ತೀಯಾ?" ಎಂದು ಹೇನಮ್ ಅಕ್ಕ ಕೇಳಿದಳು.

"ಹೂಂ. ಕೆಲ್ಸ ಮುಗೀತಲ್ಲ, ಬಿಚ್ಚೋದೇ."

"ಬಿಚ್ಚಿದ ತಕ್ಷಣ ಮನೆ ಸಾರಿಗೆ ಅಂತ ನಾನೇ ಮೊದ್ಲು ಅಲ್ಲಿಗೆ ಹೋಗೋಳು, ಈಗ್ಲೇ ಹೇಳಿರ್ತೀನಿ. ಹೊರಬಯಲಿನ ಆ ಹತ್ತು ಚೌಕದಾಗೆ ಎಂಥಾ ಬಳಚು ಕುಂತವೆ ಅಂತೀಯ! ಹಲಗೆ ಮೇಲಿಂದ ನೋಡಿ ನೋಡಿ ನನ್ ಬಾಯಲ್ಲಿ ನೀರು ಬಂದೋಯ್ತು ಈ ಚಳಿಗಾಲ."

ಬೊರಾಮ್ ನಕ್ಕಳು. "ಯಾಕಕ್ಕಾ, ಚಳಿಗಾಲವೆಲ್ಲ ಅಲ್ಲಿ ಬಾಚಿದ್ದೀರಲ್ಲ, ಇನ್ನೂ ಆಸೆ ತೀರ್ಲಿಲ್ವಾ?"

ಚಿಪ್ಪು ತೆರೆಯುವ ಸದ್ದು ನಿಂತಿತು.

"ಬಾಚೋದಾ? ಆ ಹಗ್ಗದೊಳಗಾ?" ಹೇನಮ್ ಅಕ್ಕ ಅಜ್ಜಿಯ ಮುಖ ನೋಡಿದಳು. "ಬಾಣಂತಿ ಕೋಣೆಗೆ ಯಾರಾದ್ರೂ ಕೈ ಹಾಕ್ತಾರೇನೇ?"

"ಯಾವ ಬಾಣಂತಿ?"

"ನೀನೇ ಕಟ್ಟಿದ್ದಲ್ವೇನೇ, ಎಡಹುರಿ ಹಗ್ಗ! ಮನೇಲಿ ಮಗು ಹುಟ್ಟಿದ್ರೆ ಬಾಗ್ಲಿಗೆ ಎಡಕ್ಕೆ ಹೊಸೆದ ಹಗ್ಗ ಕಟ್ತೀವಿ. ಮೂರು ವಾರ ಹೊರಗಿನೋರು ಯಾರೂ ಒಳಗೆ ಕಾಲಿಡಂಗಿಲ್ಲ. ಗಂಡುಮಗು ಆದ್ರೆ ಕೆಂಪು ಮೆಣಸಿನಕಾಯಿ ಸಿಕ್ಕಿಸ್ತೀವಿ. ನೀನು ಮೆಣಸಿನಕಾಯಿ ಬದಲು ಕೆಂಪು ಬಟ್ಟೆ ಸಿಕ್ಕಿಸಿದ್ದೆ. ಇಪ್ಪತ್ತು ಚೌಕಾನೂ ಗಂಡೇ ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು."

"ನಮ್ಮತ್ತೆ ಕಾಲದಾಗೆ ಬಯಲಿಗೂ ಕಟ್ತಿದ್ರು, ಮರಿ ಬಿಟ್ಟ ಜಾಗಕ್ಕೆ" ಎಂದಳು ಗಂಗ್‌ಜಿನ್ ಅಜ್ಜಿ. "ಆಮೇಲೆ ಯಾರಿಗೂ ಪುರುಸೊತ್ತಿರ್ಲಿಲ್ಲ. ಪೇಟೆ ಹುಡುಗಿ ಬಂದು ಕಟ್ಟಿದ್ದು ನೋಡಿ ನಂಗೆ ಕಣ್ಣಲ್ಲಿ ನೀರೇ ಬಂತು."

ಬೊರಾಮ್ ತನ್ನ ಎಡಗೈಯನ್ನು ನೋಡಿಕೊಂಡಳು. ಅವಳು ಎಡಚಿ. ಚಾಪ್‌ಸ್ಟಿಕ್ ಹಿಡಿಯುವುದು, ಬರೆಯುವುದು, ಚೆಂಡು ಎಸೆಯುವುದು ಎಲ್ಲ ಎಡಗೈಯಲ್ಲೇ. ವಿಡಿಯೊದಲ್ಲಿದ್ದಾತ ಬಲಗೈಯನ್ನು ಮುಂದಕ್ಕೆ ಉಜ್ಜಿದ್ದ. ಇವಳು ಎಡಗೈಯನ್ನು ಮುಂದಕ್ಕೆ ಉಜ್ಜಿದ್ದಳು. ಮಾಮೂಲಿ ಹಗ್ಗ ಬಲಕ್ಕೆ ಸುತ್ತಿಕೊಂಡರೆ ಇವಳದು ಎಡಕ್ಕೆ ಸುತ್ತಿಕೊಂಡಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಹುಟ್ಟಿದ ಹುಡುಗಿ, ಬಾಗಿಲಿಗೆ ಹಗ್ಗ ಕಟ್ಟಿದ್ದನ್ನು ಎಂದೂ ಕಂಡಿರಲಿಲ್ಲ.

"ನಾನು ಅಕ್ಟೋಬರ್‌ನಲ್ಲೇ ಹೇಳಿದ್ದೆನಲ್ಲ!" ಅವಳ ದನಿ ಏರಿತು. "ಸಭೇಲಿ ನಿಂತು ಓದಿದ್ದೆ. ಹಗ್ಗದೊಳಗೂ ಎಂದಿನ ಹಾಗೇ ಬಾಚಿ ಅಂತ!"

"ಓದಿದ್ದೆ ಕಣವ್ವ. ಅದೆಂಥದೋ ತೀವ್ರತೆ, ಯಥಾಸ್ಥಿತಿ ಅಂತ ಎರಡು ಹಾಳೆ. ಅದ್ಯಾರಿಗೆ ತಿಳೀತು? ಹಗ್ಗ ಹೇಳಿದ್ದು ಮಾತ್ರ ಎಲ್ರಿಗೂ ತಿಳೀತು" ಎಂದಳು ಅಜ್ಜಿ.

ಇಬ್ಬರೂ ಹೆಂಗಸರು ಮತ್ತೆ ನಕ್ಕರು. ಬೊರಾಮ್ ನಗಲಿಲ್ಲ. ಆರು ತಿಂಗಳು ಅವಳು ಬಾಚುವ ಬಯಲನ್ನೂ ಬಾಚದ ಬಯಲನ್ನೂ ಹೋಲಿಸಿರಲೇ ಇಲ್ಲ. ಬಾಚದ ಬಯಲನ್ನು ಹಗ್ಗದೊಳಗೆ ಬಾಚದೆ ಉಳಿದ ಚೌಕಗಳ ಜೊತೆ ಹೋಲಿಸಿ, ವ್ಯತ್ಯಾಸವಿಲ್ಲ ಎಂದು ಕುಣಿದಿದ್ದಳು. ಪ್ರಬಂಧ ಅಲ್ಲೇ ಸತ್ತಿತು. ಸಂಜೆ ಐದಕ್ಕೆ ಊರು ಕೈಯೆತ್ತುವುದು ಆ ಸತ್ತ ಪ್ರಬಂಧದ ಮಾತು ನಂಬಿ.

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳಿಗೆ ಅನಿಸಿತು: ಇದು ಗೊತ್ತಿರುವುದು ಈ ಅಂಗಳದಲ್ಲಿ ಮಾತ್ರ. ಪ್ರೊಫೆಸರ್‌ಗೆ ಎಡಹುರಿ ಬಲಹುರಿ ಏನು ಗೊತ್ತು? ಫೆಬ್ರವರಿ ಬರುತ್ತದೆ, ಟೋಪಿ ಬರುತ್ತದೆ, ಅಪ್ಪನ ಗೋಡೆ ತುಂಬುತ್ತದೆ.

ಅಷ್ಟರಲ್ಲಿ ಗಂಗ್‌ಜಿನ್ ಅಜ್ಜಿ ಚಿಪ್ಪೊಂದನ್ನು ತೆರೆಯುತ್ತ, ತನಗೆ ತಾನೇ ಎಂಬಂತೆ ಹೇಳಿದಳು:

"ಅಂಗಾದ್ರೆ ನನ್ ಕೈಗಳು ಸುಳ್ಳು ಹೇಳ್ಲಿಲ್ಲ."

"ಏನಜ್ಜಿ?"

"ಏನಿಲ್ಲ. ನಿನ್ನೆ ಪಾಂಗ್ ಬಂದು, ಹೊರಬಯಲು ತುಂಬ ಬಳಚು ಐತಂತೆ, ಕಾಲೇಜಮ್ಮ ಎಣಿಸಿದ್ದಾಳೆ ಅಂದ. ನನ್ ಬುಟ್ಟಿ ಮೂರು ವರ್ಷದಿಂದ ಅರ್ಧಾನೂ ತುಂಬ್ತಿಲ್ಲ. ಬಯಲು ತುಂಬ ಐತೆ, ನಂಗೇ ಸಿಗ್ತಿಲ್ಲ ಅಂದ್ರೆ ಕೈಗೇ ವಯಸ್ಸಾಯ್ತು ಅಂದ್ಕೊಂಡೆ. ಈ ವರ್ಷಕ್ಕೆ ಹಲಗೆ ಬಿಟ್ಟುಬಿಡೋಣ ಅಂತ ರಾತ್ರಿ ಯೋಚ್ನೆ ಮಾಡ್ತಿದ್ದೆ."

ಐವತ್ತೈದು ವರ್ಷ ಕೆಸರಿನಲ್ಲಿ ಆಡಿದ ಕೈಗಳು. ಅವುಗಳ ಮೇಲೆ ಆ ಕೈಗಳ ಒಡತಿಗೇ ನಂಬಿಕೆ ಹೋಗುವಂತೆ ಮಾಡಿದ್ದು ತನ್ನ ಎರಡು ಅಂಕಿ. ಬೊರಾಮ್‌ಗೆ ನಾಚಿಕೆಯಾಯಿತು. ಇಂಥ ನಾಚಿಕೆಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೆ ನಾಚಿಕೊಂಡು ಮೂಲೆಯಲ್ಲಿ ಕೂರುವ ಜಾಯಮಾನ ಅವಳದಲ್ಲ. ಎದ್ದು ನಿಂತು ಗೋಡೆಗೆ ಅಂಟಿಸಿದ್ದ ಇಳಿತ-ಭರತದ ಪಟ್ಟಿ ನೋಡಿದಳು. ಮಧ್ಯಾಹ್ನ ಒಂದು ಗಂಟೆಗೆ ಕಡಲು ಪೂರ್ತಿ ಇಳಿಯುತ್ತದೆ. ಈಗ ಹತ್ತೂವರೆ.

"ಅಜ್ಜಿ, ಇವತ್ತು ಬಯಲಿಗೆ ಬರ್ತೀರಾ?"

"ಬಾಚೋ ಕಾಲ ಮಾರ್ಚಿಗೇ ಮುಗೀತು ಕಣೇ."

"ಬಾಚೋಕಲ್ಲ. ಎಣಿಸೋಕೆ. ಹಗ್ಗದ ಹೊರಗೆ, ಪ್ರತಿ ಚೌಕದ ಪಕ್ಕದಲ್ಲೇ ಅಷ್ಟೇ ಅಗಲದ ಇನ್ನೊಂದು ಚೌಕ ಎಣಿಸ್ಬೇಕು. ಅಲ್ಲಿ ನೀವು ಬಾಚಿದ್ದೀರಲ್ಲ?"

"ಬಾಚಿ ಬಾಚಿ ನುಣ್ಣಗೆ ಮಾಡಿದೀವಿ" ಎಂದಳು ಹೇನಮ್ ಅಕ್ಕ.

"ನಾನೊಬ್ಳೇ ಹೋದ್ರೆ ಎರಡು ಗಂಟೇಲಿ ಹತ್ತು ಆಗಲ್ಲ. ಜರಡಿ ಹಿಡಿಯೋರು ಬೇಕು."

ಅಜ್ಜಿ ಚಮಚ ಕೆಳಗಿಟ್ಟು, ಕೈಯನ್ನು ಪೈಜಾಮಕ್ಕೆ ಒರೆಸಿಕೊಂಡಳು. "ನನ್ ಕೈ ಸರಿ ಐತೆ ಅಂತ ಊರಿಗೆ ಗೊತ್ತಾಗೋದಾದ್ರೆ ನಾಲ್ಕು ಗಂಟೆ ಹಿಡೀತೀನಿ. ನಡಿ."

ಏಳು ಹಲಗೆಗಳು ಬಯಲಿಗಿಳಿದವು. ಸುದ್ದಿ ಅಂಥದು, ಹೇನಮ್ ಅಕ್ಕನ ಬಾಯಿಗೆ ಬಿದ್ದದ್ದು ಹತ್ತು ನಿಮಿಷದಲ್ಲಿ ಊರಿನ ಕೊನೆಯ ಮನೆ ತಲುಪಿತ್ತು. ದಾರಿಯುದ್ದಕ್ಕೂ ಬೊರಾಮಳ ಕಿವಿ ಬಿಸಿಯಾಗುವಂತೆ ಮಾತು.

"ಎಡಚಿ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?"

"ನಾಲ್ಕು ವರ್ಷ ಓದಿ ಬಾಣಂತನ ಮಾಡೋದು ಕಲ್ತಳಲ್ಲ, ಅದೂ ಬಳಚಿಗೆ!"

"ಇಪ್ಪತ್ತು ಬಾಣಂತಿ! ನಮ್ಮ ಸೊಸೆ ಮುಂಡೇದು ಒಂದು ಹಡೆಯೋಕೂ ಒಪ್ತಿಲ್ಲ."

ಬೊರಾಮ್ ಮಂಡಿ ಊರಿ, ಎಡಗಾಲು ಒದ್ದು, ಗುಂಪಿನ ಮುಂದೆಯೇ ಜಾರುತ್ತಿದ್ದಳು. ಮೊದಲ ಚೌಕದ ಪಕ್ಕದಲ್ಲಿ ಮರದ ಚೌಕಟ್ಟು ಒತ್ತಿ, ಕೆಸರನ್ನು ಮೊಣಕೈವರೆಗೆ ಬಗೆದು, ಜರಡಿಗೆ ಹಾಕಿದಳು. ಅಜ್ಜಿ ಜರಡಿ ಆಡಿಸಿದಳು. ಎಣಿಸುವುದನ್ನು ಮಾತ್ರ ಬೊರಾಮ್ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದೊಂದನ್ನೂ ತಾನೇ ಎತ್ತಿ, ಎರಡು ಸಲ ಎಣಿಸಿ, ಬರೆದುಕೊಂಡಳು.

ಹನ್ನೊಂದು. ಎಂಟು. ಹದಿನಾಲ್ಕು. ಆರು. ಒಂಬತ್ತು.

ಹತ್ತೂ ಚೌಕ ಮುಗಿಸಿ ಸರಾಸರಿ ತೆಗೆದಾಗ ಹಗ್ಗದ ಒಳಗೆ ನಲವತ್ತಮೂರು, ಒಂದು ಮಾರು ಆಚೆಗೆ ಹತ್ತು. ಅಂಕಿಗಳು ಅವಳ ತಪ್ಪನ್ನು ಅವಳ ಮುಖಕ್ಕೇ ಹಿಡಿದಿದ್ದವು. ಆದರೂ ಬೊರಾಮ್‌ಗೆ ಖುಷಿಯಾಯಿತು. ಈ ಸಲ ಕೆಸರು ನಿಜ ಹೇಳುತ್ತಿತ್ತು. ಆರು ತಿಂಗಳು ಅವಳು ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದಳು. ಈ ಹೆಂಗಸರು ಬೇರೆಯದೇ ಪ್ರಶ್ನೆಗೆ ಉತ್ತರ ಮಾಡಿಟ್ಟಿದ್ದರು. ಮೂರು ವರ್ಷವೇನೂ ಬೇಕಿಲ್ಲ, ಒಂದೇ ಚಳಿಗಾಲ ಮುಟ್ಟದೆ ಬಿಟ್ಟರೂ ಕೆಸರು ತುಂಬಿಕೊಳ್ಳುತ್ತದೆ. ಚಾಪೆಯಗಲದ ಜಾಗವನ್ನೂ ಯಾವ ಕಾವಲೂ ಇಲ್ಲದೆ ಏಳೆಂಟು ಮುದುಕಿಯರು ಕಾದಿದ್ದರು.

ಕಡಲು ಮರಳಿ ಏರತೊಡಗಿತು. ದಡಕ್ಕೆ ಬಂದವಳೇ, ಕೆಸರು ಕೈಯಲ್ಲೇ ಪ್ರೊಫೆಸರ್ ತಾಕ್‌ಗೆ ಫೋನು ಮಾಡಿದಳು. ಅವಳ ಪ್ರಬಂಧದ ಮಾರ್ಗದರ್ಶಿ ಅವರು. ಮಾತು ಕಡಿಮೆ, ಅಂಕ ಕೊಡುವುದರಲ್ಲಿ ಅದಕ್ಕಿಂತ ಕಡಿಮೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ಒಳ್ಳೇದಾಯ್ತು" ಎಂದರು ಪ್ರೊಫೆಸರ್.

"ಏನ್ ಒಳ್ಳೇದು ಸಾರ್?"

"ಅಚ್ಚಾದ ಮೇಲೆ ಗೊತ್ತಾಗಿದ್ರೆ ಇಬ್ರ ಮಾನಾನೂ ಹೋಗ್ತಿತ್ತು."

"ಸಾರ್, ಇವತ್ತಿನ ಎಣಿಕೆ ಇಟ್ಕೊಂಡು ಪ್ರಬಂಧ ತಿರುಗಿಸಿ ಬರೀಬಹುದಾ?"

"ಒಂದು ಮಧ್ಯಾಹ್ನದ ಎಣಿಕೇನಾ? ನೀನೇ ನನ್ನ ಜಾಗದಲ್ಲಿದ್ದಿದ್ರೆ ಒಪ್ತಿದ್ಯಾ?"

ಬೊರಾಮ್ ಕಡಲಿನ ಕಡೆ ನೋಡಿದಳು. "ಇಲ್ಲ ಸಾರ್."

"ಇನ್ನೊಂದು ಚಳಿಗಾಲ ಮಾಡ್ಬೇಕು. ಫೆಬ್ರವರಿ ಆಗಲ್ಲ. ಅದರ ಮುಂದಿನ ಆಗಸ್ಟಿಗೆ ಪದವಿ. ಸಂಜೆ ಸಭೇಲಿ ಏನು ಹೇಳ್ತೀಯೋ ಅದು ನಿನಗೆ ಬಿಟ್ಟಿದ್ದು. ಪ್ರಬಂಧ ನಂದಲ್ಲ, ನಿಂದು."

ಫೋನಿಟ್ಟಾಗ ಪಾಂಗ್ ಎದುರಿಗೇ ನಿಂತಿದ್ದ. ಹಗ್ಗದ ಸುದ್ದಿ ಅವನ ಕಿವಿಗೂ ಬಿದ್ದಿತ್ತು, ಮುಖ ಗಂಟುಹಾಕಿಕೊಂಡಿತ್ತು.

"ಕಾಲೇಜಮ್ಮ, ಸಭೆಗೆ ಇನ್ನು ಎರಡು ಗಂಟೆ ಇದೆ. ಐದು ಮನೆಯವ್ರಿಗೆ ನಾನು ಮಾತು ಕೊಟ್ಟಾಗಿದೆ. ನಿನ್ನೆ ಹೇಳಿದ್ದನ್ನೇ ಹೇಳು. ಮುದುಕೀರು ನಗ್ತಾರೆ, ಮರೀತಾರೆ. ನಿನಗೂ ಪದವಿ, ನಮಗೂ ಬಯಲು."

"ನಿನ್ನೆ ಹೇಳಿದ್ದು ತಪ್ಪು, ಅಣ್ಣಾ."

"ತಪ್ಪು ಅಂದ್ರೆ ನಿನ್ ಟೋಪಿ ಹೋಗುತ್ತೆ."

"ಆಗಲೇ ಹೋಯ್ತು" ಎಂದಳು ಬೊರಾಮ್. ಹೇಳಿದ ಮೇಲೆ ಎದೆ ಎಷ್ಟು ಹಗುರಾಯಿತು ಎಂದರೆ ಅವಳಿಗೇ ಆಶ್ಚರ್ಯ. "ಮೈಕು ಸರಿ ಇದೆಯಾ ನೋಡ್ಕೊಳ್ಳಿ."

ಊರ ಸಭಾಂಗಣದ ಬೆಚ್ಚನೆಯ ನೆಲದ ಮೇಲೆ ಮೂವತ್ತೊಂದು ಮನೆಯವರು ಕಾಲು ಮಡಚಿ ಕೂತಿದ್ದರು. ಮನೆಗೊಂದು ಕೈ. ಬೊರಾಮ್ ಬಟ್ಟೆ ಬದಲಿಸಿ ಬಂದಿದ್ದಳು, ಉಗುರಿನ ಕೆಸರು ಹೋಗಿರಲಿಲ್ಲ. ಈ ಸಲ ಅವಳ ಕೈಯಲ್ಲಿ ಹಾಳೆ ಇರಲಿಲ್ಲ. ಬಿಚ್ಚಿ ತಂದ ಹುಲ್ಲಿನ ಹಗ್ಗದ ಒಂದು ತುಂಡನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಇದು ಎಡಹುರಿ ಅಂತ ನನಗೆ ಗೊತ್ತಿರ್ಲಿಲ್ಲ. ನಾನು ಎಡಚಿ, ಅದಕ್ಕೆ ಹೀಗೆ ಬಂತು. ಪದ್ಧತಿ ಗೊತ್ತಿರೋಳು ಅಂತ ನೀವು ಕೊಟ್ಟ ಮರ್ಯಾದೆ ನಂದಲ್ಲ, ಅದನ್ನ ವಾಪಸ್ ಕೊಡ್ತಿದ್ದೀನಿ. ಹೊರಬಯಲು ತುಂಬಿದೆ ಅಂತ ನಿನ್ನೆ ಹೇಳಿದ್ದೆ. ತಪ್ಪು. ತುಂಬಿರೋದು ಈ ಹಗ್ಗದ ಒಳಗೆ ಮಾತ್ರ. ಹಗ್ಗದ ಹೊರಗೆ ಇವತ್ತು ಎಣಿಸಿದ್ವಿ. ಒಳಗೆ ನಲವತ್ತಮೂರು, ಹೊರಗೆ ಹತ್ತು. ಅಷ್ಟೇ ನನ್ ಮಾತು."

ಗುಜುಗುಜು ಎದ್ದಿತು. ಪಾಂಗ್ ಕೈ ಮೇಲೆತ್ತಿ ಸುಮ್ಮನಿರಿಸಿದ.

"ಒಂದು ಪ್ರಶ್ನೆ ಕೇಳ್ತೀನಿ. ಆರು ತಿಂಗಳು ಎಣಿಸಿದ್ದು ಸುಳ್ಳು, ಇವತ್ತು ಎರಡು ಗಂಟೆ ಎಣಿಸಿದ್ದು ನಿಜಾನಾ?"

ಪ್ರಶ್ನೆ ನ್ಯಾಯವಾದದ್ದೇ. ಬೊರಾಮ್ ತಡವರಿಸಲಿಲ್ಲ.

"ಆರು ತಿಂಗಳ ಎಣಿಕೆ ಸುಳ್ಳಲ್ಲ, ಅಣ್ಣಾ. ಎಣಿಕೆ ಸರಿ, ಅದಕ್ಕೆ ನಾನಿಟ್ಟ ಹೆಸರು ತಪ್ಪು. ಇವತ್ತಿನದು ಒಂದೇ ದಿನದ್ದು, ಅದನ್ನೂ ಪೂರ್ತಿ ನಂಬಬೇಡಿ. ನನ್ನ ಬಿಡಿ, ಬಾಚಿದೋರನ್ನ ಕೇಳಿ. ನಾನೂ ಅಕ್ಟೋಬರಲ್ಲೇ ಕೇಳ್ಬೇಕಿತ್ತು."

ಯಾರೂ ಕೇಳುವ ಮೊದಲೇ ಗಂಗ್‌ಜಿನ್ ಅಜ್ಜಿ ನೆಲಕ್ಕೆ ಕೈ ಊರಿ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ನನ್ ಬುಟ್ಟಿ ಮೂರು ವರ್ಷದಿಂದ ತುಂಬಿಲ್ಲ. ಹೇಳೋಕೆ ನಾಚ್ಕೆಯಾಗಿ ಹೇಳಿರ್ಲಿಲ್ಲ. ಮುದುಕಿ ಕೈ ಸೋತೈತೆ ಅಂತೀರಿ ಅಂತ. ಇಲ್ಲಿ ಕುಂತಿರೋ ಹೆಂಗಸ್ರಲ್ಲಿ ಯಾರ ಬುಟ್ಟಿ ತುಂಬೈತೆ, ಹೇಳಿ."

ಯಾರೂ ಹೇಳಲಿಲ್ಲ. ಒಬ್ಬೊಬ್ಬಳೂ ತನ್ನೊಬ್ಬಳ ಕೈಯೇ ಸೋತಿದೆ ಎಂದುಕೊಂಡು ಮೂರು ಚಳಿಗಾಲ ಬಾಯಿ ಮುಚ್ಚಿಕೊಂಡಿದ್ದಳು ಎಂಬುದು ಆ ಮೌನದಲ್ಲಿ ಎಲ್ಲರಿಗೂ ತಿಳಿಯಿತು. ಪಾಂಗ್ ಕೂಡ ತಲೆ ತಗ್ಗಿಸಿದ. ಅವನ ಹೆಂಡತಿ ಎರಡನೆಯ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದಳು.

ಕೈಗಳು ಎದ್ದವು. ಮುಚ್ಚಿಡಲು ಹದಿನೇಳು, ತೆರೆಯಲು ಹದಿಮೂರು. ಒಬ್ಬಾತ ನಿದ್ದೆ ಮಾಡುತ್ತಿದ್ದ. ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ ಎಂದು ಪಾಂಗ್ ಚೌಕಾಶಿ ಮಾಡಿದ, ಊರು ಒಪ್ಪಿತು. ಊರಿಗೆ ವಾಪಸಾದ ಐದು ಮನೆಯವರು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಬಾಗಿಲಲ್ಲಿ ಪಾಂಗ್ ಬೊರಾಮಳನ್ನು ಕಂಡು, "ಮೈಕು ಸರಿ ಇತ್ತಾ?" ಎಂದ. ನಗಲಿಲ್ಲ, ಬೈಯಲೂ ಇಲ್ಲ.

ಅಜ್ಜಿಯ ಮನೆಯ ಜಗಲಿಯಲ್ಲಿ ಕೂತು ಬೊರಾಮ್ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಫೆಬ್ರವರಿಗೆ ಆಗಲ್ಲ. ಅದರ ಮುಂದಿನ ಆಗಸ್ಟು."

"ಫೇಲಾ?"

"ಅಲ್ಲ. ತಪ್ಪು ಮಾಡ್ದೆ, ನಾನೇ ಕಂಡುಹಿಡ್ದೆ, ನಾನೇ ಹೇಳ್ದೆ."

ಆ ಕಡೆ ಅಪ್ಪ ಹಿಟ್ಟನ್ನು ಹಲಗೆಗೆ ಬಡಿದ.

"ಆಗಸ್ಟಲ್ಲಿ ಕಪ್ಪು ಗೌನು ಹಾಕ್ಕೊಂಡ್ರೆ ಬೆಂದುಹೋಗ್ತೀಯ ಕಣೇ" ಎಂದ. "ಫೋಟೋ ಬೇಗ ತೆಗೆಸಿ ಒಳಗೆ ಬಾ. ತಣ್ಣನೆ ನೂಡಲ್ ಮಾಡಿಟ್ಟಿರ್ತೀನಿ."

ಫೋನಿಟ್ಟು ತಿರುಗಿದಾಗ ಗಂಗ್‌ಜಿನ್ ಅಜ್ಜಿ ಒಂದು ಹೊರೆ ಭತ್ತದ ಹುಲ್ಲು ತಂದು ನಡುವೆ ಇಳಿಸಿದ್ದಳು. ಅಂಗೈಗೆ ನೀರು ಚಿಮುಕಿಸಿಕೊಂಡು, ಬಲಗೈಯನ್ನು ಮುಂದಕ್ಕೆ ಉಜ್ಜುತ್ತ ಹಗ್ಗ ಹೊಸೆಯತೊಡಗಿದಳು. ಅವಳ ಕೈಯಿಂದ ಹಗ್ಗ ತಾನಾಗಿ ಇಳಿಯುವಂತೆ ಇಳಿಯುತ್ತಿತ್ತು.

"ನೋಡು, ಇದು ಬಲಹುರಿ. ದನ ಕಟ್ಟೋದು, ಮೂಟೆ ಕಟ್ಟೋದು. ಇದಕ್ಕೆ ಯಾವ ನಾಯೀನೂ ಮರ್ಯಾದೆ ಕೊಡಲ್ಲ. ಬರೋ ಚಳಿಗಾಲಕ್ಕೆ ನಿನ್ ಹೊರಬಯಲಿನ ಹತ್ತು ಚೌಕಕ್ಕೆ ಇದನ್ನೇ ಕಟ್ಟು. ಎಷ್ಟು ಬೇಕೋ ಅಷ್ಟು ಕೈ ಹಾಕ್ತೀವಿ."

"ನಾನೇ ಹೊಸೀತೀನಿ ಕೊಡಿ ಅಜ್ಜಿ, ಕಲೀತೀನಿ."

"ನಿಂಗೆ ಬರಲ್ಲ. ನಿನ್ ಕೈ ಆ ಕಡೇದಲ್ಲ." ಅಜ್ಜಿ ಹುಲ್ಲಿನ ಅರ್ಧವನ್ನು ಅವಳ ಕಡೆ ತಳ್ಳಿದಳು. "ನೀನು ನಿನ್ ಹಗ್ಗ ಹೊಸಿ. ಒಳಬಯಲಿಗೆ ಸುತ್ತ ಕಟ್ಟೋಕೆ ಎಡಹುರಿ ಬೇಕು, ತುಂಬ ಉದ್ದ ಬೇಕು. ಈ ಊರಲ್ಲಿ ಎಡಚರು ಯಾರೂ ಇಲ್ಲ."

ಬೊರಾಮ್ ಹುಲ್ಲನ್ನು ಎಡಗೈಗೆ ತೆಗೆದುಕೊಂಡಳು.